ಚೀಟಿಗೆ ಬಂದ ತರಗತಿ: ದಿನಚರಿಯ ಪುಟಗಳು

ಕೋರ, 19 ನವೆಂಬರ್ 2024, ಮಂಗಳವಾರ

ನಿನ್ನೆ ಕನಕ ಜಯಂತಿಯ ರಜೆ. ಇವತ್ತು ಬೆಳಿಗ್ಗೆಯೇ ತುಮಕೂರಿನಿಂದ ಇಬ್ಬರು ಕಿರಿಯ ವೈದ್ಯರು ಮನೆಗೆ ಬಂದರು. ಹದಿಮೂರರಿಂದ ಹದಿನೇಳರವರೆಗಿನ ಮಕ್ಕಳ ಆರೋಗ್ಯದ ಸರ್ವೆ ಮಾಡಬೇಕಂತೆ. ತುಮಕೂರು, ಗುಬ್ಬಿ, ಕುಣಿಗಲ್ ಮೂರು ತಾಲ್ಲೂಕು. ಊಟ, ನಿದ್ದೆ, ಮನಸ್ಸಿನ ಬೇಸರ, ತಂಬಾಕು, ಹೊಡೆದಾಟ, ಮುಟ್ಟಿನ ದಿನಗಳಲ್ಲಿ ತಪ್ಪುವ ಶಾಲೆ, ಮೊಬೈಲು ಎಲ್ಲವನ್ನೂ ಕೇಳುವ ಪ್ರಶ್ನಾವಳಿ ಸಿದ್ಧವಾಗಿದೆ. ಯಾವ ಮಕ್ಕಳನ್ನು ಕೇಳುವುದು ಎನ್ನುವುದಷ್ಟೇ ಬಾಕಿ. ಸಾಂಖ್ಯಿಕ ಇಲಾಖೆಯಲ್ಲಿ ದುಡಿದು ನಿವೃತ್ತಿಯಾದ ನನ್ನನ್ನು ಹುಡುಕಿಕೊಂಡು ಬಂದದ್ದು ಅದಕ್ಕೇ.

‘ಅಷ್ಟೇ ಬಾಕಿ’ ಎಂದು ಅವರು ಹಗುರವಾಗಿ ಹೇಳಿದರು. ನನಗೆ ಹಾಗನ್ನಿಸುವುದಿಲ್ಲ. ಸರ್ವೆಯ ಅರ್ಧ ಹಣೆಬರಹ ನಿರ್ಧಾರವಾಗುವುದೇ ಅಲ್ಲಿ. ಕೇಳಬೇಕಾದವರನ್ನು ಬಿಟ್ಟು ಸಿಕ್ಕಿದವರನ್ನು ಕೇಳಿದರೆ, ಪ್ರಶ್ನೆ ಎಷ್ಟು ಚೆನ್ನಾಗಿದ್ದರೂ ಉತ್ತರ ಬೇರೆ ಯಾರದೋ ಆಗುತ್ತದೆ.

ಅವರ ಕೈಯಲ್ಲಿದ್ದದ್ದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸೇರಿ 2003ರಲ್ಲಿ ಶುರುಮಾಡಿದ ಜಾಗತಿಕ ಶಾಲಾ ವಿದ್ಯಾರ್ಥಿ ಆರೋಗ್ಯ ಸಮೀಕ್ಷೆಯ ಮಾದರಿ. ಎರಡು ಹಂತ: ಮೊದಲು ಶಾಲೆಗಳನ್ನು ಆರಿಸುವುದು, ಆಮೇಲೆ ಆ ಶಾಲೆಯೊಳಗೆ ತರಗತಿಗಳನ್ನು ಆರಿಸುವುದು. ಆರಿಸಿದ ತರಗತಿಯ ಮಕ್ಕಳೆಲ್ಲರೂ ಸೇರುತ್ತಾರೆ. ಒಳ್ಳೆಯ ಮಾದರಿ. ಆದರೆ ನಮ್ಮ ದೇಶದಲ್ಲಿ 2007ರಲ್ಲಿ ಇದನ್ನು ಮಾಡಿದಾಗ ಸಿಬಿಎಸ್‌ಇ ಶಾಲೆಗಳಲ್ಲಿ ಮಾತ್ರ ಮಾಡಿದರು. ಹಳ್ಳಿಯಿಂದ ಸೈಕಲ್ಲಿನಲ್ಲಿ ಬಂದು ಸರ್ಕಾರಿ ಪ್ರೌಢಶಾಲೆಯಲ್ಲಿ ರಾಜ್ಯ ಪಠ್ಯ ಓದುವ ನಮ್ಮ ಹೋಬಳಿಯ ಮಗು ಆ ಪಟ್ಟಿಯಲ್ಲೇ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದವರಿಗೆ ಅದೃಷ್ಟದ ಪ್ರಶ್ನೆಯೇ ಬರುವುದಿಲ್ಲ. ಇದನ್ನು ಅವರಿಗೆ ಹೇಳಿದೆ. ಇಬ್ಬರೂ ಬರೆದುಕೊಂಡರು.

20 ನವೆಂಬರ್, ಬುಧವಾರ

ದಿನವಿಡೀ ಪಟ್ಟಿ. ಸರ್ಕಾರದ ಶಾಲಾ ದತ್ತಾಂಶದ ಯುಡೈಸ್ ಸಂಕೇತವಿರುವ ಶಾಲೆಗಳೆಲ್ಲ ಒಂದು ಹಾಳೆಯಲ್ಲಿ: ಸರ್ಕಾರಿ, ಅನುದಾನಿತ, ಅನುದಾನರಹಿತ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು ಬಿಟ್ಟುಹೋಗಿಲ್ಲವೇ ಎಂದು ನೋಡಿದೆವು. ಪಿಯು ಕಾಲೇಜುಗಳು ಬೇರೆ ಪಟ್ಟಿಯಲ್ಲಿ ಕೂತಿದ್ದವು. ‘ಶಾಲೆ’ ಎಂದೊಡನೆ ಹತ್ತನೇ ತರಗತಿಗೆ ನಿಲ್ಲಿಸಿಬಿಡುವುದು ನಮ್ಮ ರಾಜ್ಯದಲ್ಲಿ ಎಲ್ಲರಿಗೂ ಅಭ್ಯಾಸ. ಹಾಗೆ ನಿಲ್ಲಿಸಿದರೆ ಹದಿನಾರು, ಹದಿನೇಳರ ವಯಸ್ಸು ಹೆಚ್ಚುಕಡಿಮೆ ಪೂರ್ತಿ ಜಾರಿಹೋಗುತ್ತದೆ. ಆತಂಕ, ಒಂಟಿತನ, ಮೊದಲ ಸಿಗರೇಟು ಗಟ್ಟಿಯಾಗುವ ವಯಸ್ಸೇ ಅದು. ಎರಡೂ ಪಟ್ಟಿಯನ್ನು ಹೊಲಿದು ಒಂದು ಮಾಡಿದೆವು.

ಸಿದ್ಧಗಂಗಾ ಮಠದ ಮಕ್ಕಳ ವಿಚಾರಕ್ಕೆ ಚರ್ಚೆ ಬೆಳೆಯಿತು. ಮಠದ ಆಶ್ರಯದಲ್ಲಿ ಓದುವ ಸಾವಿರಾರು ಮಕ್ಕಳಲ್ಲಿ ಬಹಳ ಮಂದಿ ಬೇರೆ ಜಿಲ್ಲೆಗಳವರು, ಅದರಲ್ಲೂ ಉತ್ತರ ಕರ್ನಾಟಕದವರು. ಅವರನ್ನು ತುಮಕೂರಿನ ಮಕ್ಕಳೆಂದು ಎಣಿಸಬೇಕೋ ಬೇಡವೋ? ಎಣಿಸಬೇಕು ಎಂದು ನಾನು ಪಟ್ಟುಹಿಡಿದೆ. ಅವರು ಉಣ್ಣುವುದು ಇಲ್ಲಿ, ಮಲಗುವುದು ಇಲ್ಲಿ, ಜ್ವರ ಬಂದರೆ ಔಷಧಿ ಇಲ್ಲಿಯದು. ಆದರೆ ವರದಿಯಲ್ಲಿ ‘ತುಮಕೂರಿನ ಮಕ್ಕಳು’ ಎಂದು ಬರೆಯದೆ ‘ತುಮಕೂರಿನಲ್ಲಿ ಓದುತ್ತಿರುವ ಮಕ್ಕಳು’ ಎಂದು ಬರೆಯಬೇಕು. ಅದಕ್ಕೆ ಒಪ್ಪಿದರು.

22 ನವೆಂಬರ್, ಶುಕ್ರವಾರ

ಇವತ್ತು ಶಾಲೆಗಳನ್ನು ಆರಿಸಿದೆವು. ಕಂಪ್ಯೂಟರು ಒಂದು ಕ್ಷಣದಲ್ಲಿ ಮಾಡುವ ಕೆಲಸವನ್ನು ನಾನು ಬೇಕೆಂದೇ ಎಲ್ಲರ ಮುಂದೆ ಕಪ್ಪುಹಲಗೆಯ ಮೇಲೆ ಮಾಡಿಸಿದೆ. ಬಂದಿದ್ದ ಸಿಆರ್‌ಪಿಗಳಲ್ಲಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಲ್ಲಿ) ಒಬ್ಬರು ಶುರುವಿನಲ್ಲೇ ಕೇಳಿದರು: ‘ದೊಡ್ಡ ಸ್ಕೂಲಿಗೇ ಚಾನ್ಸ್ ಜಾಸ್ತಿ ಕೊಡ್ತೀರಲ್ಲ ಮೇಡಂ, ನಮ್ಮ ಸಣ್ಣ ಸ್ಕೂಲ್ ಮಕ್ಳಿಗೆ ಇದು ಮೋಸ ಅಲ್ವಾ?’ ನ್ಯಾಯವಾದ ಪ್ರಶ್ನೆ. ಉತ್ತರವನ್ನು ಲೆಕ್ಕದಲ್ಲೇ ತೋರಿಸಬೇಕಾಗಿತ್ತು.

ಅರ್ಥವಾಗಲೆಂದು ದುಂಡು ಸಂಖ್ಯೆಗಳನ್ನು ಹಾಕಿದೆ. ಒಟ್ಟು ಮಕ್ಕಳು 12,000, ನಮಗೆ ಬೇಕಾದ ಶಾಲೆಗಳು 30 ಎನ್ನೋಣ. ಭಾಗಿಸಿದರೆ 400. ಶಾಲೆಗಳನ್ನು ಒಂದರ ಕೆಳಗೊಂದು ಬರೆದು ಮಕ್ಕಳ ಸಂಖ್ಯೆಯನ್ನು ಕೂಡಿಸುತ್ತಾ ಹೋಗಬೇಕು. 1ರಿಂದ 400ರೊಳಗೆ ಒಂದು ಚೀಟಿ ಎತ್ತಬೇಕು. 137 ಬಂದರೆ, 137ನೇ ಮಗು ಯಾವ ಶಾಲೆಯ ಸಾಲಿನಲ್ಲಿದೆಯೋ ಅದು ಮೊದಲ ಶಾಲೆ. ಆಮೇಲೆ 537, 937, 1,337 ಹೀಗೆ ನಾನೂರರ ಹೆಜ್ಜೆ. 400 ಮಕ್ಕಳಿರುವ ಶಾಲೆಯನ್ನು ಈ ಹೆಜ್ಜೆ ದಾಟಿ ಹೋಗಲಾರದು, ಅದು ಖಂಡಿತ ಸಿಗುತ್ತದೆ. 40 ಮಕ್ಕಳ ಶಾಲೆ ಸಿಗುವ ಸಾಧ್ಯತೆ ಹತ್ತರಲ್ಲಿ ಒಂದು.

ಇಲ್ಲಿಗೆ ನಿಲ್ಲಿಸಿದರೆ ಮೋಸವೇ. ಆದರೆ ಎರಡನೇ ಹಂತ ಇದೆ. 400 ಮಕ್ಕಳ ಶಾಲೆಯಲ್ಲಿ ನಲವತ್ತು ನಲವತ್ತರ ಹತ್ತು ಸೆಕ್ಷನ್ ಇದ್ದರೆ, ಅದರಲ್ಲಿ ಒಂದನ್ನು ಮಾತ್ರ ಎತ್ತುತ್ತೇವೆ. ಅಲ್ಲಿನ ಒಂದು ಮಗುವಿಗೆ ಹತ್ತರಲ್ಲಿ ಒಂದು ಅವಕಾಶ. ಸಣ್ಣ ಶಾಲೆಯಲ್ಲಿ ಇರುವುದೇ ಒಂದು ಸೆಕ್ಷನ್. ಶಾಲೆ ಸಿಕ್ಕಿತೆಂದರೆ ಎಲ್ಲ ಮಕ್ಕಳೂ ಸಿಕ್ಕಿದ ಹಾಗೆ. ಎರಡೂ ಹಂತವನ್ನು ಗುಣಿಸಿದರೆ ಪೇಟೆಯ ದೊಡ್ಡ ಶಾಲೆಯ ಮಗುವಿಗೂ ಹಳ್ಳಿಯ ಸಣ್ಣ ಶಾಲೆಯ ಮಗುವಿಗೂ ಬರುವುದು ಒಂದೇ ಅವಕಾಶ, ಹತ್ತರಲ್ಲಿ ಒಂದು. ಪ್ರಶ್ನೆ ಕೇಳಿದವರು ತಾವೇ ಎದ್ದುಬಂದು ಇನ್ನೊಂದು ಉದಾಹರಣೆ ಹಾಕಿ ನೋಡಿದರು. ಇಷ್ಟು ಸರಳವಾದ ಗುಣಾಕಾರದಲ್ಲಿ ಇಷ್ಟು ದೊಡ್ಡ ಸಮಾನತೆ ಅಡಗಿದೆಯಲ್ಲ ಎಂದು ನನಗೆ ಇಂದಿಗೂ ಸಂತೋಷವಾಗುತ್ತದೆ.

ಪಟ್ಟಿಯನ್ನು ಮೊದಲೇ ತಾಲ್ಲೂಕುವಾರು, ಅದರೊಳಗೆ ಸರ್ಕಾರಿ, ಅನುದಾನಿತ, ಖಾಸಗಿ ಎಂದು ಜೋಡಿಸಿಕೊಂಡಿದ್ದೆವು. ಹೆಜ್ಜೆ ಸಮನಾಗಿ ಬೀಳುವುದರಿಂದ ಕುಣಿಗಲ್ಲು ಪೂರ್ತಿ ತಪ್ಪಿಹೋಗುವ ಭಯವಿಲ್ಲ.

ಚೀಟಿ ಎತ್ತುವಾಗ ಸಿ. ಆರ್. ರಾವ್ ನೆನಪಾದರು. 1920ರಲ್ಲಿ ನಮ್ಮ ಹೂವಿನ ಹಡಗಲಿಯಲ್ಲಿ ಹುಟ್ಟಿ, ಮಹಾಲನೋಬಿಸರು 1931ರಲ್ಲಿ ಕಟ್ಟಿದ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಬೆಳೆದು, ಜಗತ್ತಿಗೇ ಅಂಕಿಅಂಶದ ಪಾಠ ಹೇಳಿ 2023ರಲ್ಲಿ ತೀರಿಕೊಂಡರು. ಕೋರದಂಥ ಊರಿನ ಮಕ್ಕಳಿಗೆ ಅವರ ಹೆಸರನ್ನು ಹೇಳಬೇಕು.

25 ನವೆಂಬರ್, ಸೋಮವಾರ, ಗುಬ್ಬಿ

ಚೀಟಿಗೆ ಬಂದ ಒಂದು ಶಾಲೆಗೆ ಹೋಗಿದ್ದೆವು. ಮುಖ್ಯಶಿಕ್ಷಕರು ಆದರದಿಂದ ಬರಮಾಡಿಕೊಂಡರು, ಕಾಫಿ ತರಿಸಿದರು. ಒಂಬತ್ತನೇ ತರಗತಿಯಲ್ಲಿ ಎರಡು ಸೆಕ್ಷನ್. ‘ಎ’ ಇಂಗ್ಲಿಷ್ ಮಾಧ್ಯಮ, ‘ಬಿ’ ಕನ್ನಡ ಮಾಧ್ಯಮ. ಚೀಟಿಗೆ ಬಂದದ್ದು ‘ಬಿ’.

ಅವರ ಮುಖ ಸ್ವಲ್ಪ ಬಾಡಿತು. ‘ಮೇಡಂ, ಎ ಸೆಕ್ಷನ್ ತಗೊಳ್ಳಿ. ಚೆನ್ನಾಗಿ ಓದೋ ಮಕ್ಳು, ನೀಟಾಗಿ ಬರೀತಾರೆ. ಬಿ ಅವ್ರು ಅರ್ಧ ಜನ ಬರೋದೇ ಇಲ್ಲ, ಬಂದೋರು ಏನೇನೋ ತುಂಬ್ತಾರೆ. ಇಲ್ದಿದ್ರೆ ನಾನೇ ನಲವತ್ತು ಜನ ಆರಿಸಿ ಕೂರಿಸ್ತೀನಿ.’

ಅವರ ಉದ್ದೇಶದಲ್ಲಿ ಕೆಟ್ಟದ್ದೇನೂ ಇಲ್ಲ. ಹೊರಗಿನವರು ಬಂದಾಗ ಮನೆಯ ಒಳ್ಳೆಯ ಚಾಪೆ ಹಾಸಬೇಕೆನ್ನುವುದು ನಮ್ಮ ಕಡೆಯ ಸಂಸ್ಕಾರ. ಆದರೆ ಆ ಪ್ರೀತಿಯೇ ಸರ್ವೆಯನ್ನು ಕೆಡಿಸುತ್ತದೆ. ತುಮಕೂರಿನ ಮಂಡಿಯಲ್ಲಿ ದಲ್ಲಾಳಿ ಮೂಟೆಯ ಬಾಯಿ ಬಿಚ್ಚಿ ಮೇಲಿನ ಕಾಳು ನೋಡಿ ಬೆಲೆ ಹೇಳುವುದಿಲ್ಲ. ಟೊಳ್ಳು ಸಲಾಕೆ ಚುಚ್ಚಿ ಅಡಿಯ ಕಾಳನ್ನು ತೆಗೆದು ಅಂಗೈ ಮೇಲೆ ಹರಡುತ್ತಾನೆ. ಇದನ್ನೇ ಅವರಿಗೆ ಹೇಳಿದೆ. ಅಡಿಕೆ, ರಾಗಿ ಬೆಳೆದ ಮನೆಯವರು, ತಕ್ಷಣ ಅರ್ಥವಾಯಿತು.

ಇನ್ನೂ ಒಂದು ಮಾತು ಹೇಳಬೇಕಾಗಿತ್ತು, ಅದನ್ನು ನಿಧಾನವಾಗಿ ಹೇಳಿದೆ. ‘ನೀವು ಆರಿಸಿ ಕೂರಿಸಿದರೆ, ನನ್ನನ್ನು ಯಾಕೆ ಆರಿಸಿದರು ಎಂದು ಆ ಮಗು ಯೋಚಿಸುತ್ತದೆ. ಸೇದುತ್ತೇನೆಂದು ಗೊತ್ತಾಗಿದೆಯೇನೋ, ಅಳುತ್ತೇನೆಂದು ಗೊತ್ತಾಗಿದೆಯೇನೋ ಎಂದು ಹೆದರುತ್ತದೆ. ಇಡೀ ತರಗತಿ ಕೂತಾಗ ಯಾರೂ ಒಂಟಿಯಾಗಿ ಎದ್ದು ಕಾಣುವುದಿಲ್ಲ.’ ತರಗತಿಯನ್ನು ಇಡಿಯಾಗಿ ತೆಗೆದುಕೊಳ್ಳುವುದರಿಂದ ಕೆಲಸ ಹಗುರವಾಗುತ್ತದೆ, ನಿಜ. ನನಗೆ ಅದಕ್ಕಿಂತ ಮುಖ್ಯವಾದದ್ದು ಈ ರಕ್ಷಣೆ. ಹೆಸರು ಬರೆಯುವಂತಿಲ್ಲ, ರೋಲ್ ನಂಬರ್ ಇಲ್ಲ, ಉತ್ತರ ತುಂಬುವಾಗ ಶಿಕ್ಷಕರು ಕೊಠಡಿಯಲ್ಲಿ ಇರುವಂತಿಲ್ಲ. ಕೊನೆಯ ಷರತ್ತಿಗೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆಯ್ತು, ಹಾಗೇ ಮಾಡಿ’ ಎಂದರು.

‘ಬಿ’ ಸೆಕ್ಷನ್ನಿಗೆ ಹೋಗಿ ವಿಷಯ ತಿಳಿಸಿದೆವು. ಹಿಂದಿನ ಬೆಂಚಿನ ಹುಡುಗನೊಬ್ಬ, ‘ನಮ್ಮನ್ನಾ ಮಿಸ್? ನಮ್ಮನ್ನೇ ಕೇಳ್ತೀರಾ?’ ಎಂದ. ಹೌದಪ್ಪ, ನಿಮ್ಮನ್ನೇ.

26 ನವೆಂಬರ್, ಮಂಗಳವಾರ

ಬೆಳಿಗ್ಗೆ ಆ ಕಿರಿಯ ವೈದ್ಯೆ ಫೋನಿನಲ್ಲಿ ಕೇಳಿದಳು: ‘ಇಷ್ಟೆಲ್ಲ ಹಟ ಬೇಕಾ ಮೇಡಂ? ಹತ್ತಿರದ ನಾಲ್ಕು ಶಾಲೆ ಮಾಡಿದರೂ ಹೆಚ್ಚುಕಡಿಮೆ ಅದೇ ಉತ್ತರ ಬರಲ್ವಾ?’

ಅವಳಿಗೆ ಇದೇ ಜಿಲ್ಲೆಯ ಕಥೆ ಹೇಳಿದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದದ್ದು 1959ರಲ್ಲಿ. ಅವರು 1960–61ರಲ್ಲಿ ದೊಡ್ಡ ಸರ್ವೆಗೆ ಆರಿಸಿಕೊಂಡದ್ದು ನಮ್ಮ ತುಮಕೂರು ಜಿಲ್ಲೆಯನ್ನು. ಹಳ್ಳಿಗಳನ್ನು ಚೀಟಿಯ ಕ್ರಮದಲ್ಲೇ ಎತ್ತಿ, ಜನರನ್ನು ಎಣಿಸಿ, ಎಕ್ಸ್-ರೇ, ಕಫ ಪರೀಕ್ಷೆ ಮಾಡಿದರು. ಅದರ ಬೆನ್ನಿಗೇ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಈ ಹಳ್ಳಿಗಳ ರೋಗಿಗಳ ಬಳಿ ಹೋಗಿ, ‘ನಿಮಗೆ ಏನು ಅನ್ನಿಸುತ್ತಿತ್ತು? ಏನು ಮಾಡಿದಿರಿ?’ ಎಂದು ಕೇಳಿದರು. ಹಳ್ಳಿಯವರಿಗೆ ತಮ್ಮ ಕಾಯಿಲೆಯ ಅರಿವಿಲ್ಲ, ವಾಹನ ತೆಗೆದುಕೊಂಡು ಹೋಗಿ ಹುಡುಕಿ ಹಿಡಿಯಬೇಕು ಎನ್ನುವುದು ಆಗಿನ ಎಣಿಕೆ. ಸಿಕ್ಕಿದ ಉತ್ತರ ಬೇರೆ. ಬಹುಪಾಲು ರೋಗಿಗಳಿಗೆ ತಮ್ಮ ಕೆಮ್ಮು, ಜ್ವರದ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿ, ಕೆಮ್ಮಿನ ಔಷಧಿಯ ಸೀಸೆ ಹಿಡಿದು ವಾಪಸು ಬಂದಿದ್ದರು. ತಪ್ಪಿದ್ದು ಜನರಲ್ಲಲ್ಲ, ಆಸ್ಪತ್ರೆಯಲ್ಲಿ ಕಫ ನೋಡದೆ ಇದ್ದುದರಲ್ಲಿ. 1962ರ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ ಸಾಮಾನ್ಯ ಆಸ್ಪತ್ರೆಗಳ ಮೂಲಕವೇ ನಡೆಯಬೇಕೆಂದು ರೂಪುಗೊಂಡದ್ದರ ಹಿಂದೆ ಈ ಜಿಲ್ಲೆಯ ಮಾತು ಇದೆ.

ಅಂದು ಜೀಪು ಹೋಗುವ ರಸ್ತೆಬದಿಯ ಊರುಗಳನ್ನಷ್ಟೇ ನೋಡಿದ್ದರೆ ಆ ಮಾತಿಗೆ ದೇಶ ಕಿವಿಗೊಡುತ್ತಿರಲಿಲ್ಲ. ‘ಆಸ್ಪತ್ರೆ ಹತ್ತಿರ ಇದ್ದವರು ಹೋದರು, ಅದರಲ್ಲೇನು?’ ಎಂದು ತಳ್ಳಿಹಾಕುತ್ತಿದ್ದರು. ತುಮಕೂರಿನಲ್ಲಿ ಕೂತು ‘ಹತ್ತಿರದ ನಾಲ್ಕು ಶಾಲೆ ಸಾಕಲ್ಲವೇ’ ಎಂದು ಕೇಳುವ ಹಕ್ಕು ನಮಗಿಲ್ಲ ಎಂದೆ. ಅವಳು ಆ ಕಡೆಯಿಂದ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಆ ಸಂಶೋಧನಾ ಲೇಖನ ಎಲ್ಲಿ ಸಿಗುತ್ತದೆ ಎಂದು ಕೇಳಿದಳು.

28 ನವೆಂಬರ್, ಗುರುವಾರ, ಕುಣಿಗಲ್

ಪೋಷಕರ ಒಪ್ಪಿಗೆ ಪತ್ರದ ದಿನ. ತಾಯಂದಿರೇ ಹೆಚ್ಚು ಬಂದಿದ್ದರು. ಒಬ್ಬಾಕೆ ಸೆರಗಿನ ತುದಿ ಹಿಡಿದುಕೊಂಡು ಕೇಳಿದಳು: ‘ನಮ್ ಮಗೀಗೆ ಏನಾರ ಕಾಯ್ಲೆ ಐತಾ ಅಕ್ಕ? ಊರಾಗಿರೋ ಎಲ್ಲಾ ಹುಡುಗ್ರನ್ನ ಬಿಟ್ಟು ಇವಳ ಕ್ಲಾಸೇ ಯಾಕೆ?’

ಈ ಹೆದರಿಕೆಗೆ ಕಾರಣವಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಸರ್ಕಾರಿ ಶಾಲೆಗೆ ಬಂದು ಎಲ್ಲ ಮಕ್ಕಳನ್ನೂ ನೋಡಿ, ತೊಂದರೆ ಇದ್ದವರ ಹೆಸರು ಬರೆದುಕೊಂಡು ದೊಡ್ಡಾಸ್ಪತ್ರೆಗೆ ಕಳಿಸುತ್ತದೆ. ಅದರಲ್ಲಿ ಹೆಸರು ಬರೆಯುವುದೇ ಚಿಕಿತ್ಸೆಗೆ ದಾರಿ. ನಮ್ಮದರಲ್ಲಿ ಹೆಸರೇ ಇಲ್ಲ. ಆ ತಾಯಿಗೆ ಚೀಟಿ ಎತ್ತಿದ ರೀತಿ ಹೇಳಿದೆ. ‘ಅಂಗಾರೆ ಬಂದಂಗೆ ಬಂತು ಅನ್ನಿ’ ಎಂದು ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದಳು, ನಿಧಾನವಾಗಿ, ಪೂರ್ತಿ ಹೆಸರು.

ತಾಯಿ ಒಪ್ಪಿದರೆ ಮುಗಿಯಿತು ಎಂದುಕೊಳ್ಳುವವರಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೀತಿಸೂತ್ರಗಳ ಪ್ರಕಾರ ಈ ವಯಸ್ಸಿನ ಮಗುವಿನಿಂದಲೂ ಬರೆದ ಸಮ್ಮತಿ ಪಡೆಯಬೇಕು. ಇಬ್ಬರು ಹುಡುಗಿಯರು ಬೇಡವೆಂದರು. ಬೇಡವೆಂದರೆ ಬೇಡ. ಕಾರಣ ಕೇಳಲಿಲ್ಲ, ಕೇಳಲು ಯಾರನ್ನೂ ಬಿಡಲಿಲ್ಲ. ಅವರ ಜಾಗಕ್ಕೆ ಪಕ್ಕದ ಸೆಕ್ಷನ್ನಿನಿಂದ ಇಬ್ಬರನ್ನು ತರುವ ಸಲಹೆ ಬಂತು. ಅದನ್ನೂ ಬೇಡವೆಂದೆ. ಖಾಲಿ ಜಾಗ ಖಾಲಿ ಎಂದೇ ಲೆಕ್ಕಕ್ಕೆ ಬರಬೇಕು.

2 ಡಿಸೆಂಬರ್, ಸೋಮವಾರ

ಫೆಂಜಲ್ ಚಂಡಮಾರುತದ ಜಡಿಮಳೆ. ರಾಗಿ ಕೊಯ್ದು ಹೊಲದಲ್ಲೇ ಬಿಟ್ಟವರ ಗತಿ ನೆನೆದು ಸಂಕಟ. ಇಂಥ ದಿನ ಹಾಜರಿ ಅರ್ಧವಾಗುತ್ತದೆ. ಸರ್ವೆ ಮುಂದೆ ಹಾಕಿದೆವು.

4 ಡಿಸೆಂಬರ್, ಬುಧವಾರ, ಕೋರ

ನಮ್ಮ ಹೋಬಳಿಯ ಸರದಿ. ಪ್ರಶ್ನಾವಳಿ ಹಂಚುವ ಮುಂಚೆ ಶಿಕ್ಷಕರ ಕೊಠಡಿಯಲ್ಲಿ ಒಬ್ಬರು ಮಾತು ತೆಗೆದರು: 2019ರ ಜಾಗತಿಕ ಯುವ ತಂಬಾಕು ಸಮೀಕ್ಷೆಯಲ್ಲಿ ಹದಿಮೂರರಿಂದ ಹದಿನೈದರ ವಿದ್ಯಾರ್ಥಿಗಳಲ್ಲಿ ತಂಬಾಕು ಬಳಸುವವರು ದೇಶದಲ್ಲಿ ಶೇ. 8.5, ಕರ್ನಾಟಕದಲ್ಲಿ ಕೇವಲ ಶೇ. 1.2. ‘ನಮ್ಮ ರಾಜ್ಯ ಎಷ್ಟು ಚೆನ್ನಾಗಿದೆ ನೋಡಿ ಮೇಡಂ.’

ಆ ಸಮೀಕ್ಷೆಯ ಕ್ರಮದ ಮೇಲೆ ನನಗೆ ಗೌರವವಿದೆ. 987 ಶಾಲೆಗಳು, 97 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಭಾಗವಹಿಸಿದ ದೊಡ್ಡ ಕೆಲಸ ಅದು. ಸಂಖ್ಯೆ ಸಂತೋಷದ್ದೇ. ಆದರೆ ಅದು ಶಾಲೆಯ ಪಟ್ಟಿಯಲ್ಲಿದ್ದು, ಆ ದಿನ ಶಾಲೆಗೆ ಬಂದಿದ್ದ ಮಕ್ಕಳ ಮಾತು. ಹೆದ್ದಾರಿಯ ಪಂಚರ್ ಅಂಗಡಿಯಲ್ಲಿ, ಡಾಬಾದಲ್ಲಿ ದುಡಿಯುವ ಹದಿನಾಲ್ಕರ ಹುಡುಗನ ಮಾತು ಅದರಲ್ಲಿಲ್ಲ. ಇದನ್ನು ಮರೆತು ಇಡೀ ರಾಜ್ಯದ ಹುಡುಗರ ಬಗ್ಗೆ ನೆಮ್ಮದಿಯಾಗಿರಲು ನನ್ನಿಂದ ಆಗುವುದಿಲ್ಲ.

ಪ್ರಶ್ನಾವಳಿ ಮುಗಿದ ಮೇಲೆ ಹಾಜರಿ ಪುಸ್ತಕ ಕೇಳಿದೆ. ಬಾರದವರು ಯಾರು, ಏಕೆ? ತರಗತಿ ಶಿಕ್ಷಕಿ ಒಂದೊಂದೇ ಹೆಸರಿಗೆ ಕಾರಣ ಹೇಳುತ್ತಾ ಹೋದರು. ಒಬ್ಬಳು ಅಡಿಕೆ ಸುಲಿಯಲು ತಾಯಿಯ ಜೊತೆ. ಒಬ್ಬ ತಂದೆಯ ಕುಡಿತದ ಗಲಾಟೆಯಿಂದ ಅಜ್ಜಿಯ ಊರಿಗೆ. ಒಬ್ಬಳಿಗೆ ತಿಂಗಳಿಗೆ ಮೂರು ದಿನ ರಜೆ ಖಾಯಂ. ಒಬ್ಬಳಿಗೆ ಗಂಡು ನೋಡಲು ಬರುತ್ತಾರೆಂದು ಸುದ್ದಿ. ಶಿಕ್ಷಕಿ ಅಂಗನವಾಡಿಯವರಿಗೆ, ಮಕ್ಕಳ ಸಹಾಯವಾಣಿ 1098ಕ್ಕೆ ಹೇಳಿ ಆಗಿದೆ.

ಈ ಸರ್ವೆ ಯಾರ ಕಷ್ಟವನ್ನು ತಿಳಿಯಲೆಂದು ಹುಟ್ಟಿತೋ ಅವರೇ ಇಂದು ಬೆಂಚಿನಲ್ಲಿ ಇರಲಿಲ್ಲ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಒಂದು ಉಪಾಯವಿದೆ: ಬಂದವರ ಉತ್ತರಕ್ಕೆ ಸ್ವಲ್ಪ ಹೆಚ್ಚು ತೂಕ ಕೊಟ್ಟು ಬಾರದವರ ಪಾಲನ್ನೂ ಅವರಿಂದಲೇ ಹೇಳಿಸುವುದು. ಬಾರದವರು ಬಂದವರಂತೆಯೇ ಇದ್ದರೆ ಅದು ಸರಿಹೋಗುತ್ತದೆ. ಅಡಿಕೆ ಸುಲಿಯುವ ಹುಡುಗಿಯ ರಕ್ತಹೀನತೆಯನ್ನು, ಅಜ್ಜಿಯ ಊರಿಗೆ ಓಡಿಹೋದ ಹುಡುಗನ ನಿದ್ದೆಗೇಡನ್ನು ಮೊದಲ ಬೆಂಚಿನ ಮಕ್ಕಳು ಹೇಳಲು ಹೇಗೆ ಸಾಧ್ಯ? ಮುಂದಿನ ವಾರ ಬಾರದವರಿಗೆಂದೇ ಇನ್ನೊಂದು ಸಲ ಬರಬೇಕೆಂದು ಹೇಳಿದೆ. ವಾಹನದ ಖರ್ಚಿನ ಮಾತು ಬಂತು. ಕೋರದ ಮಟ್ಟಿಗೆ ನಾನೇ ಬಸ್ಸಿನಲ್ಲಿ ಹೋಗಿಬರುತ್ತೇನೆ ಎಂದೆ.

7 ಡಿಸೆಂಬರ್, ಶನಿವಾರ

ವಸಂತನರಸಾಪುರದ ಕಡೆ ಹೋಗಿದ್ದೆ. 2014ರ ಸೆಪ್ಟೆಂಬರಿನಲ್ಲಿ ಪ್ರಧಾನಿ ಬಂದು ಫುಡ್ ಪಾರ್ಕ್ ಉದ್ಘಾಟಿಸಿದ ಮೇಲೆ ಈ ಕೈಗಾರಿಕಾ ಪ್ರದೇಶ ಕಣ್ಣೆದುರೇ ಬೆಳೆದಿದೆ. ಹೊರರಾಜ್ಯದ ಕೆಲಸಗಾರರ ಸಂಸಾರಗಳು ಶೀಟಿನ ಮನೆಗಳಲ್ಲಿ ಇವೆ. ತಮ್ಮ, ತಂಗಿಯನ್ನು ಎತ್ತಿಕೊಂಡ ಹನ್ನೆರಡು, ಹದಿಮೂರರ ಹುಡುಗಿಯರು. ಇವರು ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ. ನಮ್ಮೂರಿನವರೇ ಆದ, ಹತ್ತನೇ ತರಗತಿ ಫೇಲಾಗಿ ಲೋಡಿಂಗ್ ಕೆಲಸಕ್ಕೆ ಬಂದ ಹುಡುಗರೂ ಸಿಕ್ಕಿದರು. ಶಿಕ್ಷಣದ ಹಕ್ಕಿನ ಕಾಯ್ದೆಯ ಕೈ ಹದಿನಾಲ್ಕರವರೆಗೆ. ಅಲ್ಲಿಂದಾಚೆ ಇವರನ್ನು ಹುಡುಕಿ ಬರುವ ಇಲಾಖೆ ಕಡಿಮೆ.

ಶಾಲೆಯ ಸರ್ವೆಯಿಂದ ಇವರನ್ನು ಮುಟ್ಟಲಾಗದು. ಮನೆಮನೆಗೆ ಹೋಗುವ ಸರ್ವೆಯೇ ಬೇಕು. ದೇಶ ಅದನ್ನು ಮಾಡಿ ತೋರಿಸಿದೆ. 2016–18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ ಹತ್ತೊಂಬತ್ತರವರೆಗಿನ ಮಕ್ಕಳನ್ನು ಮನೆಗಳಲ್ಲೇ ಕಂಡು, ಹದಿಹರೆಯದ ಹುಡುಗಿಯರಲ್ಲಿ ಶೇ. 40, ಹುಡುಗರಲ್ಲಿ ಶೇ. 18 ಮಂದಿಗೆ ರಕ್ತಹೀನತೆ ಇದೆ ಎಂದು ಹೇಳಿತು. ಶಾಲೆ ಬಿಟ್ಟವರೂ ಆ ಲೆಕ್ಕದೊಳಗೆ ಬರಲು ಅವಕಾಶವಿತ್ತು.

ರಾತ್ರಿ ವೈದ್ಯರಿಗೆ ಪತ್ರ ಬರೆದೆ. ಚೀಟಿಗೆ ಬಂದ ತರಗತಿಯನ್ನು ಯಾರ ಮಾತಿಗೂ ಬದಲಿಸಕೂಡದು. ಬಾರದ ಮಗುವಿನ ಜಾಗದಲ್ಲಿ ಬೇರೆ ಮಗುವನ್ನು ಕೂರಿಸಕೂಡದು. ಎರಡನೆಯ ಸಲ ಹೋಗಲೇಬೇಕು. ವರದಿಯ ಮೊದಲ ಪುಟದಲ್ಲೇ, ಅನುಬಂಧದಲ್ಲಲ್ಲ, ಎಷ್ಟು ಶಾಲೆ ಒಪ್ಪಿದವು, ಹಾಜರಿ ಪುಸ್ತಕದಲ್ಲಿದ್ದ ಎಷ್ಟು ಮಕ್ಕಳು ಸಿಗಲಿಲ್ಲ, ಶಾಲೆಯ ಹೊರಗಿರುವವರನ್ನು ನಾವು ಕೇಳಿಲ್ಲ ಎನ್ನುವುದನ್ನು ದೊಡ್ಡಕ್ಷರದಲ್ಲಿ ಬರೆಯಬೇಕು. ವಸಂತನರಸಾಪುರದ ಮನೆಗಳಿಗೆ ಬೇರೆಯೇ ಒಂದು ಸಣ್ಣ ಸರ್ವೆಯ ಯೋಜನೆ ಬರೆದುಕೊಡುತ್ತೇನೆ. ಅದಕ್ಕೆ ಜಿಲ್ಲಾ ಪಂಚಾಯಿತಿಯನ್ನು ಕೇಳೋಣ. ಇವಿಷ್ಟಿಲ್ಲದ ವರದಿಗೆ ನನ್ನ ಹೆಸರು ಹಾಕಬೇಡಿ.